ಸುಮಾಳ ಹೆಸರು ಬಂದ ವರ್ಷ

ಕಳೆದ ತಿಂಗಳು ಕೆ.ಆರ್. ನಗರದಿಂದ ಹುಣಸೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ಇನ್ನೂ ನಾಲ್ಕೈದು ಮೈಲಿ ಇರುವಾಗಲೇ ಕಿಟಕಿಯಿಂದ ಆ ವಾಸನೆ ಬಂತು. ಹೊಗೆಸೊಪ್ಪನ್ನು ಬ್ಯಾರನ್ ಎಂಬ ಮುಚ್ಚಿದ ಕೋಣೆಯಲ್ಲಿ ನೇತುಹಾಕಿ ಬೆಂಕಿಯ ಕಾವಿನಲ್ಲಿ ಹದ ಮಾಡುವಾಗ ಸುತ್ತಲಿನ ಹೊಲಗಳನ್ನೆಲ್ಲ ಹಿಡಿದುಕೊಳ್ಳುವ ವಾಸನೆ ಅದು. ಬೆಲ್ಲದ ಪಾಕ ಸ್ವಲ್ಪ ಹೆಚ್ಚಿಗೆ ಕಾದಂತೆ ಇರುತ್ತದೆ. ಅದರ ಹಿಂದೆಯೇ ಗಂಟಲು ಕೆರೆಯುವ ಘಾಟು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡೆ. ಹಸಿ ಸೊಪ್ಪು ಮುಟ್ಟಿದವರ ಕೈಗೆ ಕಪ್ಪಗಿನ ಅಂಟು ಹತ್ತುತ್ತದೆ, ಸೋಪು ಹಾಕಿದರೂ ಹೋಗುವುದಿಲ್ಲ. ಸೊಪ್ಪಿನ ಕಾಲದಲ್ಲಿ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಬರುತ್ತಿದ್ದ ಹುಡುಗ ಹುಡುಗಿಯರ ಬೆರಳಿನಿಂದ ಆ ಅಂಟು ಟೈಪ್‌ರೈಟರಿನ ಕೀಲಿಗಳಿಗೂ ಹತ್ತುತ್ತಿತ್ತು. ನಾನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸುತ್ತಿದ್ದೆ.

ಆ ಕಾಲದಲ್ಲಿ ಒಂದು ವರ್ಷ ಮಾತ್ರ ನನಗೆ ಬೇರೆಯಾಗಿ ನಿಂತಿದೆ. ಹೊಸ ಶತಮಾನ ಶುರುವಾಗಿ ಎರಡೋ ಮೂರೋ ವರ್ಷವಾಗಿತ್ತು. ಆ ವರ್ಷ ಮಳೆ ಹೇಗಾಯಿತು ಎಂದು ಯಾರಾದರೂ ಕೇಳಿದರೆ ಯೋಚಿಸಿ ಹೇಳಬೇಕು. ನನ್ನ ಹೊಟ್ಟೆಕಿಚ್ಚು ಹೇಗಿತ್ತು ಎಂದರೆ ಯೋಚಿಸಬೇಕಾಗಿಲ್ಲ.

ನಾನು ಕೆ.ಆರ್. ನಗರದವಳು. ಮದುವೆಯಾಗಿ ಹುಣಸೂರಿಗೆ ಬಂದಾಗ ನಾನು ತಂದ ಆಸ್ತಿಯೆಂದರೆ ಟೈಪಿಂಗ್ ಸರ್ಟಿಫಿಕೇಟುಗಳು. ಇಂಗ್ಲಿಷ್ ಸೀನಿಯರ್, ಕನ್ನಡ ಸೀನಿಯರ್, ಎರಡೂ ಫಸ್ಟ್ ಕ್ಲಾಸ್. ನಮ್ಮ ಮಾವ ಗೊಬ್ಬರದ ಅಂಗಡಿಯ ಮಹಡಿ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಹೆಣ್ಣು ನೋಡಲು ಬಂದಾಗ ಅವರು ನನಗೆ ಹಾಡು ಹೇಳು ಅನ್ನಲಿಲ್ಲ. ಜೇಬಿನಿಂದ ಒಂದು ಟೈಪು ಮಾಡಿದ ಕಾಗದ ತೆಗೆದು, "ಇದ್ರಲ್ಲಿ ತಪ್ಪೇನಾದ್ರೂ ಅವಾ ನೋಡವ್ವ" ಎಂದರು. ಮೂರು ತಪ್ಪಿದ್ದವು. ಮೂರನ್ನೂ ತೋರಿಸಿದೆ. ಮದುವೆ ಅಲ್ಲೇ ನಿಶ್ಚಯವಾಗಿಹೋಯಿತು ಎಂದು ಆಮೇಲೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಹನ್ನೊಂದು ವರ್ಷ ಆ ಮಹಡಿಯಲ್ಲಿ ನನ್ನದೇ ಮಾತು. ಸರ್ಕಾರಿ ಕೆಲಸಕ್ಕೆ ಕಾಯುತ್ತಿದ್ದವರು, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರು, ಎಲ್ಲರಿಗೂ ನಾನು ಮೇಡಂ. ವಕೀಲರ ಗುಮಾಸ್ತರು ಬಂದರೆ ಮಾವ, "ನಮ್ಮ ಸೊಸೆ ಕೈಲಿ ಒಂದಕ್ಷರ ಜಾರಲ್ಲ, ತಕ್ಕಳಿ" ಎಂದು ಹೆಮ್ಮೆಯಿಂದ ಹೇಳುವರು. ಟೈಪ್‌ರೈಟರಿನ ಕಾಲ ಇಳಿಯತೊಡಗಿದಾಗ ನಮ್ಮೆಜಮಾನರು ಮೈಸೂರಿನ ಯಾವುದೋ ಆಫೀಸಿನವರು ತೆಗೆದುಹಾಕುತ್ತಿದ್ದ ಆರು ಕಂಪ್ಯೂಟರ್ ತಂದು ಜೋಡಿಸಿದರು. ತ್ರೀ-ಎಯ್ಟಿ-ಸಿಕ್ಸ್ ಎನ್ನುವ ಪ್ರೊಸೆಸರಿನವು. ಆಗಲೇ ಹಳೆಯವು. ಆದರೂ ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ ಬಣ್ಣದ ಪರದೆಯ ಹೊಸ ಸೆಂಟರ್ ಬಂತು, ನಮ್ಮಲ್ಲಿ ಬ್ಯಾಚುಗಳು ಸಣ್ಣಗಾದವು. ಅಂಥ ಹೊತ್ತಿನಲ್ಲಿ ನನ್ನ ಮೈದುನನ ಹೆಂಡತಿಯಾಗಿ ಸುಮಾ ಬಂದಳು.

ಅವಳು ಸರಗೂರಿನವಳು. ಅವಳಪ್ಪ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸದವರು. ಪಿಯುಸಿ ಸೈನ್ಸ್ ಓದಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಕುರ್ಚಿಯ ಮೇಲೂ ಚಕ್ಕಂಬಕ್ಕಳ ಹಾಕಿ ಕೂರುವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು, ಮಾತಿಗೆ ಮೊದಲು ನೀವು, ತಾವು. ಫೇಲಾದ ಹುಡುಗಿ ಎಂಬ ಕಾರಣಕ್ಕೇ ಮೊದಲ ಮೂರು ತಿಂಗಳು ಅವಳನ್ನು ಕಂಡರೆ ನನಗೆ ಬಹಳ ಪ್ರೀತಿಯಿತ್ತು.

ಒಂದು ದಿನ ನಾಲ್ಕನೇ ಮಷೀನು ಸತ್ತುಹೋಯಿತು. ನಾನು ಅದರ ಮೇಲೆ ಬಟ್ಟೆ ಹೊದಿಸಿ, ಮೈಸೂರಿನಿಂದ ರಿಪೇರಿಯವನು ಬರಲಿ ಎಂದು ಬಿಟ್ಟೆ. ಸುಮಾ ಬಟ್ಟೆ ಸರಿಸಿ, ಸ್ಕ್ರೂಡ್ರೈವರ್ ತಂದು ಬಿಚ್ಚೇಬಿಟ್ಟಳು. ಒಳಗಿನ ಪಟ್ಟಿಯೊಂದನ್ನು ಎಳೆದು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದಳು. ಮಷೀನು ಬೀಪ್ ಎಂದಿತು.

ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನೋಡವ್ವ, ಇಷ್ಟು ವರ್ಷದಿಂದ ಇಲ್ಲಿ ಒಬ್ರಾದ್ರೂ ಒಳಗಡೆ ಏನದೆ ಅಂತ ತೆಗುದು ನೋಡಿರ್ಲಿಲ್ಲ" ಎಂದರು.

ಆ ಒಬ್ಬರು ಯಾರು ಎಂದು ನನಗೆ ಗೊತ್ತಿತ್ತು. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ತಟ್ಟೆಗೆ ಸಾರು ಬಡಿಸುತ್ತ, "ರಬ್ಬರಲ್ಲಿ ಉಜ್ಜೋದು ಯಾರಿಗೆ ಬರಲ್ಲ" ಎಂದೆ. ಅವಳು ನಕ್ಕು, "ಊ ಕಣಕ್ಕ, ನಮ್ಮಪ್ಪ ಸ್ಟಾರ್ಟರ್ ಬಾಕ್ಸ್‌ಗೆ ಮಾಡೋದು ಅದ್ನೇಯ" ಎಂದಳು. ಅವಳಿಗೆ ನಾಟಲೇ ಇಲ್ಲ. ನಾಟದೆ ಹೋದದ್ದು ನನಗೆ ಇನ್ನೊಂದು ಕೋಪ.

ಆಷಾಢದಲ್ಲಿ ಯಾರೋ ತಂದ ಫ್ಲಾಪಿಯಿಂದ ವೈರಸ್ ಬಂದು ಆರೂ ಮಷೀನು ಒಟ್ಟಿಗೆ ಮಲಗಿದವು. ಮೈಸೂರಿನ ರಿಪೇರಿಯವನು ಬಂದು ನೋಡಿ, ಇಷ್ಟು ಹಳೆಯದಕ್ಕೆ ಈಗ ಯಾವುದೂ ಹತ್ತುವುದಿಲ್ಲ, ಗುಜರಿಗೆ ಹಾಕಿ ಎಂದ. ಮನೆಯಲ್ಲಿ ಇನ್‌ಸ್ಟಿಟ್ಯೂಟ್ ಮುಚ್ಚುವ ಮಾತು ಶುರುವಾಯಿತು. ಆಗ ಗುರುಪುರದ ಟಿಬೆಟನ್ ಕ್ಯಾಂಪಿನಿಂದ ಟೈಪಿಂಗ್ ಕಲಿಯಲು ಬರುತ್ತಿದ್ದ ಪೆಮಾ ಎಂಬ ಹುಡುಗಿ ಒಂದು ಕವರಿನಲ್ಲಿ ಮೂರು ಫ್ಲಾಪಿ ತಂದುಕೊಟ್ಟಳು. "ನಮ್ಮ ಕ್ಯಾಂಪಲ್ಲಿ ಇಂಥದ್ದೇ ಹಳೇ ಕಂಪ್ಯೂಟರ್ ಇದೆ ಆಂಟಿ. ಇದು ಹಾಕಿದ ಮೇಲೆ ಓಡ್ತಾ ಇದೆ" ಎಂದಳು.

ಅದು ಲಿನಕ್ಸ್. ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ, ಯಾರು ಬೇಕಾದರೂ ಒಳಗನ್ನು ಓದಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್. ಅದನ್ನು ಕಟ್ಟುವವರು ಲೋಕದ ತುಂಬ ಇದ್ದರು. ಅವರಲ್ಲಿ ಹೆಚ್ಚಿನವರಿಗೆ ಹೊಸ ಯಂತ್ರಗಳ ಮೇಲೆಯೇ ಕಣ್ಣು. ಹದಿನೈದು ವರ್ಷ ಹಳೆಯ ಪ್ರೊಸೆಸರುಗಳಲ್ಲೂ ಅದು ಓಡುತ್ತಿರಲಿ ಎಂದು ಸಂಬಳವಿಲ್ಲದೆ ಹೆಣಗುತ್ತಿದ್ದವರು ಮಾತ್ರ ಒಂದು ಕೈಬೆರಳೆಣಿಕೆಯಷ್ಟು ಜನ. ಪೆಮಾ ತಂದ ಫ್ಲಾಪಿ ಅವರದು. ಸುಮಾ ಎರಡು ದಿನ ಹೆಣಗಿ ಆರಕ್ಕೂ ಅದನ್ನು ಹಾಕಿದಳು. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೆ. ಟೈಪಿಂಗ್ ಅಭ್ಯಾಸಕ್ಕೆ, ಅರ್ಜಿ ಬರೆಯಲು ಅಷ್ಟು ಸಾಕಾಗಿತ್ತು. ಇನ್‌ಸ್ಟಿಟ್ಯೂಟ್ ಉಳಿಯಿತು.

ಫ್ಲಾಪಿಯಲ್ಲಿದ್ದ ಇಮೇಲ್ ವಿಳಾಸಕ್ಕೆ ಒಂದು ಕಾಗದ ಬರೆಯಬೇಕೆಂದು ಸುಮಾ ಹಟ ಹಿಡಿದಳು. "ಇಂಗಿಂಗೆ, ನಿಮ್ದು ನಮ್ಮೂರಲ್ಲಿ ಓಡ್ತಾ ಅದೆ ಅಂತ ಹೇಳನ ಅಕ್ಕ. ಪಾಪ, ಅವ್ರಿಗೆ ಯಂಗ್ ಗೊತ್ತಾಗ್ಬೇಕು?" ಅವಳಿಗೆ ಇಂಗ್ಲಿಷ್ ಬರದು. ಹಾಗಾಗಿ ಅವಳು ಹೇಳುವುದು, ನಾನು ಕಲ್ಕುಣಿಕೆಯ ಸೈಬರ್ ಕೆಫೆಗೆ ಹೋಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸುವುದು ಎಂದಾಯಿತು. ಆರು ಮಷೀನು, ದಿನವೂ ಎಂಟು ಗಂಟೆ ಓಡುತ್ತವೆ ಎಂದು ಬರೆದೆವು.

ನಾಲ್ಕು ದಿನಕ್ಕೆ ಉತ್ತರ ಬಂತು. ಬರೆದವರು ಹೆಲ್ಗಾ ಎಂಬ ಹೆಂಗಸು. ಹಿಮ ಬೀಳುವ ಯಾವುದೋ ದೇಶದ ಒಂದು ಅಂಚೆ ಕಚೇರಿಯಲ್ಲಿ ಕೆಲಸ. ಹಳೆಯ ಪ್ರೊಸೆಸರಿನ ಗುಂಪನ್ನು ನೋಡಿಕೊಳ್ಳುತ್ತಿದ್ದವರು ಅವರೇ. ತಮ್ಮ ಗುಂಪಿನಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದೇ ಹಳೆಯ ಯಂತ್ರ ಉಳಿದಿದೆ, ಒಬ್ಬನದು ಅಡುಗೆಮನೆಯ ಮೂಲೆಯಲ್ಲಿದೆ, ಇನ್ನೊಬ್ಬ ಹಾಸಿಗೆ ಹಿಡಿದ ತಂದೆಯ ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡುತ್ತಾನೆ, ನಿಮ್ಮ ಹತ್ತಿರ ಆರಿವೆ ಎಂದು ಓದಿ ನಾವೆಲ್ಲ ಕುಣಿದೆವು ಎಂದು ಬರೆದಿದ್ದರು. ಹೊಸದಾಗಿ ತಿದ್ದಿದ್ದನ್ನು ಮೊದಲು ನಿಮ್ಮಲ್ಲಿ ಓಡಿಸಿ ನೋಡಿ, ಎಲ್ಲಿ ನಿಲ್ಲುತ್ತದೆ ತಿಳಿಸುತ್ತೀರಾ ಎಂದು ಕೇಳಿದ್ದರು. ಕಾಗದದ ತಲೆಯಲ್ಲಿ 'ಪ್ರಿಯ ಸುಮಾ' ಎಂದಿತ್ತು.

ಮುಂದೆ ಎಲ್ಲ ಕಾಗದಗಳೂ ಹಾಗೆಯೇ ಶುರುವಾದವು. ಓದಿ ಕನ್ನಡದಲ್ಲಿ ಹೇಳುವವಳು ನಾನು. 'ಪ್ರಿಯ ಸುಮಾ' ಎಂದು ನನ್ನ ಬಾಯಿಂದಲೇ ಅವಳಿಗೆ ಹೇಳಬೇಕು. ಕೆಲವು ಸಲ ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತಿದ್ದೆ. ಅವಳು ಕೇಳುತ್ತಲೂ ಇರಲಿಲ್ಲ.

"ಇವ್ರಿಗೆ ಇದ್ರಿಂದ ಏನು ಬತ್ತದೆ? ಸಂಬಳ ಇಲ್ಲ, ಸಾರಿಲ್ಲ" ಎಂದೆ ಒಮ್ಮೆ.

ಸುಮಾ ಯೋಚಿಸಿ, "ನಮ್ಮಪ್ಪ ಸುಟ್ಟೋದ ಮೋಟ್ರಿಗೆ ಹೊಸ ತಂತಿ ಸುತ್ತಲ್ವಾ, ಅಂಗೇ ಕಣಕ್ಕ. ಕಬ್ಣ ಗಟ್ಟಿಯಾಗೇ ಅದಲ್ಲ, ಯಾಕೆ ಎಸೀಬೇಕು?" ಎಂದಳು. ಅಷ್ಟು ಚೆನ್ನಾದ ಉತ್ತರ ಅವಳ ಬಾಯಿಗೆ ಎಲ್ಲಿಂದ ಬಂತು ಎಂದು ನನಗೆ ಅದಕ್ಕೂ ಉರಿ. ಹೆಲ್ಗಾಗೆ ಬರೆದ ಮುಂದಿನ ಕಾಗದದಲ್ಲಿ ಆ ಮಾತನ್ನು ಸೇರಿಸಲು ಅವಳು ಹೇಳಿದಳು. ಜಾಗವಿಲ್ಲ ಎಂದು ಬಿಟ್ಟೆ.

ಕೆಲಸ ಹೀಗೆ ನಡೆಯುತ್ತಿತ್ತು. ಕೆಫೆಯಿಂದ ಹೊಸ ಫ್ಲಾಪಿ ಇಳಿಸಿಕೊಂಡು ಬರುವುದು. ಸುಮಾ ಬ್ಯಾಚುಗಳ ನಡುವೆ ಅದನ್ನು ಓಡಿಸುವುದು. ಪರದೆಯ ಮೇಲೆ ಸಾಲುಗಳು ಓಡಿ ಎಲ್ಲೋ ನಿಂತರೆ, ನಿಂತಲ್ಲಿದ್ದ ಅಂಕಿಗಳನ್ನೆಲ್ಲ ಹಳೆಯ ಟೈಪಿಂಗ್ ಟೆಸ್ಟ್ ಹಾಳೆಗಳ ಹಿಂಬದಿಯಲ್ಲಿ ಬರೆದುಕೊಳ್ಳುವುದು. ಅವಳಿಗೆ ಅದೇ ಲೋಕ. ಒಲೆಯ ಮೇಲೆ ಹಾಲಿಟ್ಟು ಮರೆಯುವವಳು ಆ ಅಂಕಿಗಳನ್ನು ಮರೆಯುತ್ತಿರಲಿಲ್ಲ. ನಾನು ಅವನ್ನು ಒಂದೂ ತಪ್ಪದೆ ಟೈಪ್ ಮಾಡುತ್ತಿದ್ದೆ. ಹೆಲ್ಗಾ ಒಂದು ಕಾಗದದಲ್ಲಿ, ಇಷ್ಟು ಶುದ್ಧವಾದ ವರದಿ ನಮಗೆ ಇನ್ಯಾರಿಂದಲೂ ಬರುವುದಿಲ್ಲ ಸುಮಾ ಎಂದು ಬರೆದಿದ್ದರು. ಆ ಶುದ್ಧಿ ನನ್ನದು. ಹೊಗಳಿಕೆ ಅವಳಿಗೆ ಹೋಯಿತು.

ಗೌರಿ ಹಬ್ಬದ ಹಿಂದಿನ ದಿನ ಹೊಸ ಆವೃತ್ತಿಯ ಫ್ಲಾಪಿ ಬಂತು. ಅದರೊಳಗೆ ಕೆಲಸ ಮಾಡಿದವರ ಹೆಸರುಗಳ ಒಂದು ಫೈಲು. ಸುಮಾ ತೆರೆದು, ಬೆರಳಿಟ್ಟು ಓದಿಕೊಳ್ಳುತ್ತ ಹೋಗಿ ನಿಂತುಬಿಟ್ಟಳು. 'ಸುಮಾ, ಹುಣಸೂರು, ಇಂಡಿಯಾ' ಎಂದಿತ್ತು. ಮಾವ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಕೆಳಗಿನ ಗೊಬ್ಬರದ ಅಂಗಡಿಯವರನ್ನು ಕರೆದರು. ಅವರು ಅಂಗಡಿಗೆ ಬಂದಿದ್ದ ರೈತರನ್ನೂ ಕರೆತಂದರು. "ನೋಡ್ರಪ್ಪ, ಲೋಕಕ್ಕೆಲ್ಲ ಓಗೋ ಫ್ಲಾಪಿಲಿ ನಮ್ಮೂರ್ ಹೆಸ್ರು, ನಮ್ಮ ಸೊಸೆ ಹೆಸ್ರು" ಎಂದು ಮಾವ ಒಬ್ಬೊಬ್ಬರಿಗೂ ತೋರಿಸಿದರು.

ನಮ್ಮ ಸೊಸೆ ಎಂಬ ಮಾತು ಅದುವರೆಗೆ ಆ ಮಹಡಿಯಲ್ಲಿ ನನ್ನೊಬ್ಬಳಿಗೇ ಸಲ್ಲುತ್ತಿತ್ತು. ನಾನು ಮೂಲೆಯ ಟೈಪ್‌ರೈಟರಿನ ಮುಂದೆ ಕೂತು ಯಾರದೋ ಜಮೀನಿನ ಅರ್ಜಿ ಹೊಡೆಯುತ್ತಿದ್ದೆ. ಅವರೆಲ್ಲ ಹೋದ ಮೇಲೆ ಎದ್ದು ಆ ಫೈಲನ್ನು ಮೇಲಿಂದ ಕೆಳಗೆ ಓದಿದೆ. ಕೆಳಗಿಂದ ಮೇಲೂ ಓದಿದೆ. ನನ್ನ ಹೆಸರಿರಲಿಲ್ಲ. ಇರುವುದಾದರೂ ಹೇಗೆ? ಅಷ್ಟೂ ಕಾಗದಗಳ ಕೊನೆಯಲ್ಲಿ 'ಇಂತಿ, ಸುಮಾ' ಎಂದು ನಾನೇ ಹೊಡೆದಿದ್ದೆ.

ಸುಮಾ ನನ್ನ ಮುಖ ನೋಡಿ, "ನಾನೇನು ನನ್ ಹೆಸ್ರು ಆಕಿ ಅಂತ ಕೇಳಿರ್ಲಿಲ್ಲ ಕಣಕ್ಕ" ಎಂದಳು.

"ನಂಗೇನಾಗ್ಬೇಕು ಬುಡು" ಎಂದೆ.

ಹಬ್ಬ ಮುಗಿದು ಸೊಪ್ಪು ಹದ ಮಾಡುವ ಕಾಲ ಬಂತು. ನಮ್ಮ ಹೊಲ, ಬ್ಯಾರನ್ನು ಎರಡೂ ಪಿರಿಯಾಪಟ್ಟಣದ ಕಡೆ. ಅಲ್ಲಿ ಸೊಪ್ಪು ಕಟ್ಟುವ ಆಳುಗಳಿಗೆ ಅಡುಗೆ, ಬ್ಯಾರನ್ನಿನ ಕಾವು ನೋಡಿಕೊಳ್ಳುವುದು, ಇವಕ್ಕೆ ಪ್ರತಿವರ್ಷ ಅತ್ತೆ ಹೋಗುತ್ತಿದ್ದರು. ಆ ವರ್ಷ ಅತ್ತೆ ಕಾಲು ಉಳುಕಿಸಿಕೊಂಡರು. ಹಿರಿಯ ಸೊಸೆ ನಾನು, ನಾನು ಹೋಗಬೇಕಾಗಿತ್ತು. ಪರೀಕ್ಷೆಯ ಬ್ಯಾಚಿದೆ, ನಾನು ಬಿಟ್ಟು ಹೋದರೆ ಆಗುವುದಿಲ್ಲ, ಸುಮಾ ಹೋಗಲಿ ಎಂದೆ. ಎಲ್ಲರೂ ಒಪ್ಪಿದರು. ಸುಮಾ ಮಾತ್ರ ಎರಡು ದಿನ ಬಿಟ್ಟು ಹೋಗುತ್ತೇನೆ ಎಂದಳು.

ಯಾಕೆಂದರೆ ಅದೇ ವಾರ ಹೆಲ್ಗಾರಿಂದ ಬೇರೆ ಥರದ ಕಾಗದ ಬಂದಿತ್ತು. ಮುಂದಿನ ಆವೃತ್ತಿಯ ಕರಡು ಹಳೆಯ ಪ್ರೊಸೆಸರುಗಳಲ್ಲಿ ಶುರುವಾಗುವ ಮೊದಲೇ ನಿಂತುಹೋಗುತ್ತಿದೆ. ದೊಡ್ಡ ಗುಂಪಿನವರು ಈ ಹಳೆಯ ಹೊರೆ ಸಾಕು ಎನ್ನುತ್ತಿದ್ದಾರೆ. ತಿಂಗಳೊಳಗೆ ತಪ್ಪು ಎಲ್ಲಿದೆ ಎಂದು ಸಿಗದಿದ್ದರೆ ಹಳೆಯ ಪ್ರೊಸೆಸರನ್ನೇ ಕೈಬಿಡುತ್ತಾರೆ. ನನ್ನ ಒಂದೇ ಯಂತ್ರದಿಂದ ಏನೂ ತಿಳಿಯುತ್ತಿಲ್ಲ, ಆರಿರುವ ನೀವೇ ನೋಡಿ ಹೇಳಬೇಕು ಎಂದು ಬರೆದಿದ್ದರು. ಕೈಬಿಟ್ಟರೆ ನಮ್ಮಲ್ಲಿ ಇದ್ದದ್ದು ಓಡುತ್ತಲೇ ಇರುತ್ತಿತ್ತು. ಆದರೆ ಮುಂದೆ ಕೆಟ್ಟರೆ ಕೇಳುವವರಿಲ್ಲ. ಅಡುಗೆಮನೆಯಲ್ಲಿ ಯಂತ್ರ ಇಟ್ಟುಕೊಂಡವನು, ತಂದೆಯ ಪಕ್ಕ ಕೂತವನು, ಎಲ್ಲರ ವರ್ಷಗಟ್ಟಲೆ ಕೆಲಸ ಅಲ್ಲಿಗೆ ನಿಲ್ಲುತ್ತಿತ್ತು.

ಹೊಲಕ್ಕೆ ಹೊರಡುವ ಮೊದಲು ಸುಮಾ ಎರಡು ದಿನ ಆರೂ ಮಷೀನಿನಲ್ಲಿ ಓಡಿಸಿ ನೋಡಿದಳು. ನಾಲ್ಕು ನಿಂತವು, ಎರಡು ನಿಲ್ಲಲಿಲ್ಲ. ಯಾಕೆ ಎಂದು ಆರನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ನೋಡುತ್ತ ಕೂತಳು. ಸಂಜೆಯ ಬ್ಯಾಚಿನವರು ಬರುವ ಹೊತ್ತಿಗೆ ಅವಳಿಗೆ ಕಂಡಿತು. ಓಡಿದ ಎರಡರಲ್ಲಿ ದೊಡ್ಡ ಪ್ರೊಸೆಸರಿನ ಪಕ್ಕ ಇನ್ನೊಂದು ಸಣ್ಣ ಚಿಪ್ಪಿತ್ತು, ಲೆಕ್ಕ ಮಾಡುವುದಕ್ಕೆಂದೇ ಹಾಕಿದ್ದು. ನಿಂತ ನಾಲ್ಕರಲ್ಲಿ ಆ ಜಾಗ ಖಾಲಿ. ಲೆಕ್ಕದ ಚಿಪ್ಪು ಇಲ್ಲದ ಕಡೆ ಆ ಕೆಲಸವನ್ನು ಲಿನಕ್ಸೇ ಮಾಡಿಕೊಳ್ಳಬೇಕು, ಅಲ್ಲೇ ಎಲ್ಲೋ ಎಡವುತ್ತಿದೆ ಎಂದು ಅವಳ ಊಹೆ.

ಹಾಳೆಯ ಹಿಂಬದಿಯಲ್ಲಿ ಒಂದರಿಂದ ಹನ್ನೊಂದರವರೆಗೆ ನಂಬರು ಹಾಕಿ ಎಲ್ಲವನ್ನೂ ಬರೆದಳು. ಚಿಪ್ಪಿನ ವಿಷಯ ಏಳನೆಯದು. ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ನನ್ನ ಕೈಗೆ ಹಾಳೆ ಕೊಟ್ಟಳು. "ಏಳ್ನೇದು ಮುಖ್ಯ ಕಣಕ್ಕ. ಉಳ್ದಿದ್ದೆಲ್ಲ ಅಂಕಿ. ನಾಳೆನೇ ಕಳ್ಸಿಬುಡಿ."

ಮರುದಿನ ಕೆಫೆಯಲ್ಲಿ ಕೂತು ಆರರವರೆಗೆ ಟೈಪ್ ಮಾಡಿದೆ. ಏಳಕ್ಕೆ ಬಂದಾಗ ಬೆರಳು ನಿಂತವು. ಪಿಯುಸಿ ಫೇಲಾದ ಹುಡುಗಿ, ಅಷ್ಟು ದೇಶದವರಿಗೆ ಸಿಗದಿದ್ದನ್ನು ನಮ್ಮ ಗೊಬ್ಬರದ ಅಂಗಡಿಯ ಮಹಡಿ ಮೇಲೆ ಕೂತು ಕಂಡುಹಿಡಿದಿದ್ದಳು. ಇದು ಹೋದರೆ ಮುಂದಿನ ಫೈಲಿನಲ್ಲಿ ಅವಳ ಹೆಸರು ಎಲ್ಲಿರುತ್ತದೆ ಎಂದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಮಾವ ಯಾರು ಯಾರನ್ನು ಕರೆತರುತ್ತಾರೆ ಎಂಬುದೂ ಕಂಡಿತು.

ಏಳನೆಯದನ್ನು ಬಿಟ್ಟೆ. ಎಂಟನೆಯದಕ್ಕೆ ಏಳು ಎಂದು ನಂಬರು ಹಾಕಿದೆ. ಹತ್ತಕ್ಕೆ ಮುಗಿಸಿದೆ. ಒಮ್ಮೆ ಮೇಲಿಂದ ಕೆಳಗೆ ಓದಿ, ಒಂದು ಅಕ್ಷರವೂ ತಪ್ಪಿಲ್ಲ ಎಂದು ನೋಡಿಕೊಂಡು ಕಳಿಸಿದೆ.

ಮೂರು ವಾರ ನಾನೊಬ್ಬಳೇ ಉತ್ತರಗಳನ್ನು ಓದಿದೆ. ಮೊದಲು ಹೆಲ್ಗಾ ಇನ್ನಷ್ಟು ಪ್ರಶ್ನೆ ಕೇಳಿದರು. ನಾಲ್ಕು ನಿಲ್ಲುತ್ತವೆ ಎರಡು ಓಡುತ್ತವೆ ಎಂದರೆ ಏನು ಅರ್ಥ, ವಿದ್ಯುತ್ ಏರುಪೇರೇ, ಧೂಳೇ? ಆಮೇಲೆ ಗುಂಪಿನ ಬೇರೆಯವರು ನಡುವೆ ಬಾಯಿ ಹಾಕಿದರು. ಒಬ್ಬ, ಆ ಊರಿನ ಯಂತ್ರಗಳೇ ಕೆಟ್ಟಿರಬೇಕು, ಆ ವರದಿಯನ್ನು ನಂಬಿ ಹತ್ತು ದಿನ ಹಾಳುಮಾಡಿದೆವು ಎಂದು ಬರೆದ. ಹೆಲ್ಗಾ ಅವನಿಗೆ, ಸುಮಾ ಎಂದೂ ತಪ್ಪು ಬರೆದವಳಲ್ಲ ಎಂದು ಉತ್ತರ ಕೊಟ್ಟಿದ್ದರು. ಮೊದಲ ಕಾಗದ ಓದಿದಾಗ ನನಗೆ ಸಮಾಧಾನವಾಗಿತ್ತು. ಹೆಲ್ಗಾರ ಈ ಉತ್ತರ ಓದಿದಾಗ ಆ ಸಮಾಧಾನ ಹೋಯಿತು. ಆದರೂ ಕೂತು ಏಳನೆಯದನ್ನು ಬರೆದು ಕಳಿಸಲಿಲ್ಲ. ದಿನವೂ ಕೆಫೆಗೆ ಹೋಗುತ್ತಿದ್ದೆ, ದಿನವೂ ಎದ್ದು ಬರುತ್ತಿದ್ದೆ. ಹೊಲದ ಹತ್ತಿರ ಫೋನಿರಲಿಲ್ಲ, ಸುಮಾಗೆ ಏನೂ ತಿಳಿಯದು.

ಮೂರನೇ ಸಲದ ಸೊಪ್ಪನ್ನು ಬ್ಯಾರನ್ನಿನಿಂದ ಇಳಿಸಿ ಅವಳು ವಾಪಸ್ ಬಂದಳು. ಕೈ ಮೊಣಕೈವರೆಗೆ ಕಪ್ಪಾಗಿತ್ತು, ಮೈಯೆಲ್ಲ ಸೊಪ್ಪಿನ ವಾಸನೆ. ಗಂಟು ಇಳಿಸುವ ಮೊದಲೇ, "ಏನಂದ್ರು ಅಕ್ಕ?" ಎಂದಳು. ಬಾ ತೋರಿಸುತ್ತೇನೆ ಎಂದು ಕೆಫೆಗೆ ಕರೆದುಕೊಂಡು ಹೋದೆ. ಬೇರೆ ದಾರಿ ಇರಲಿಲ್ಲ.

ಉತ್ತರಗಳನ್ನು ಒಂದೊಂದಾಗಿ ಓದಿ ಹೇಳಿದೆ. ನಂಬಲಾಗದ ವರದಿ ಎಂಬ ಮಾತನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, "ಚಿಪ್ಪಿನ ವಿಷ್ಯ ಬರ್ದಿದ್ವಲ್ಲ, ಅದ್ಕೇನಂದ್ರು?" ಎಂದಳು.

ನಾನು ಅದೇ ಉತ್ತರವನ್ನು ಮತ್ತೊಮ್ಮೆ ಮೇಲಿಂದ ಓದತೊಡಗಿದೆ.

"ನಾವು ಕಳ್ಸಿದ್ದು ತೆಗೀರಿ ಅಕ್ಕ, ನೋಡನ."

ತೆಗೆದೆ. ಅವಳು ಇಂಗ್ಲಿಷ್ ಓದಲು ಹೋಗಲಿಲ್ಲ. ಪರದೆಯ ಎಡಬದಿಯ ನಂಬರುಗಳ ಮೇಲೆ ಬೆರಳಿಟ್ಟುಕೊಂಡು ಇಳಿದಳು. ಹತ್ತಕ್ಕೆ ನಿಂತಳು. ಮತ್ತೆ ಮೇಲಿಂದ ಇಳಿದಳು. ಅವಳ ಬೆರಳಿನ ಅಂಟು ಗಾಜಿನ ಮೇಲೆ ಅಲ್ಲಲ್ಲಿ ಕಲೆಯಾಯಿತು.

"ಕಣ್ತಪ್ಪಿ ಬಿಟ್ಟೋಗದೆ ಅನ್ಸುತ್ತೆ" ಎಂದೆ.

"ನಂಬ್ರು ಮಾತ್ರ ಸರಿಯಾಗವೆ" ಎಂದಳು ಸುಮಾ.

ಕಣ್ತಪ್ಪಿ ಬಿಟ್ಟಿದ್ದರೆ ಆರಾದ ಮೇಲೆ ಎಂಟು ಇರಬೇಕಾಗಿತ್ತು. ಅದು ಅವಳಿಗೆ ತಿಳಿಯಿತು, ತಿಳಿಯಿತೆಂದು ನನಗೂ ತಿಳಿಯಿತು. ಅವಳು ಕೂಗಾಡಿದ್ದರೆ ನಾನೂ ಏನಾದರೂ ಆಡುತ್ತಿದ್ದೆ, ಇಬ್ಬರಿಗೂ ಹಗುರಾಗುತ್ತಿತ್ತು. ಅವಳು ನನ್ನನ್ನು ಎಬ್ಬಿಸಿ ಕೀಬೋರ್ಡಿನ ಮುಂದೆ ತಾನು ಕೂತಳು. ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ನಾನು ಬಾಗಿಲ ಹತ್ತಿರ ಹೋಗಿ ರಸ್ತೆ ನೋಡುತ್ತ ನಿಂತೆ. ಸೊಪ್ಪಿನ ಬೇಲು ತುಂಬಿದ ಟ್ರಾಕ್ಟರುಗಳು ಹೋಗುತ್ತಿದ್ದವು. ಅವಳು ಎದ್ದು ಬರುವ ಹೊತ್ತಿಗೆ ಒಂದು ಗಂಟೆಯೇ ಆಗಿತ್ತು.

ಆಮೇಲೆ ಕೆಫೆಯಲ್ಲಿ ಅವಳು ಬರೆದದ್ದನ್ನು ನೋಡಿದೆ. ಒಂದು ವಿಷಯ ಬಿಟ್ಟುಹೋಗಿತ್ತು, ತಪ್ಪು ನನ್ನದು ಎಂದು ಒಡಕು ಇಂಗ್ಲಿಷಿನಲ್ಲಿ ಮೊದಲ ಸಾಲಿನಲ್ಲೇ ಬರೆದಿದ್ದಳು. ಅದರ ಕೆಳಗೆ ಏಳನೆಯದು. ಮುಂದೆ ಓದಲು ಮನಸ್ಸಾಗದೆ ಮುಚ್ಚಿಬಿಟ್ಟೆ.

ಹೆಲ್ಗಾ ಮರುದಿನವೇ ಬರೆದರು. ಚಿಪ್ಪಿನ ಮಾತು ಓದಿ ಒಂದು ಮಧ್ಯಾಹ್ನದಲ್ಲಿ ತಪ್ಪು ಸಿಕ್ಕಿತ್ತು. ವಾರದೊಳಗೆ ಹೊಸ ಫ್ಲಾಪಿ ಬಂತು, ಆರೂ ಮಷೀನು ಓಡಿದವು. ಹಳೆಯ ಪ್ರೊಸೆಸರನ್ನು ಕೈಬಿಡುವ ಮಾತು ಆ ಸಲಕ್ಕೆ ನಿಂತಿತು. ನಂಬಲಾಗದು ಎಂದು ಬರೆದಿದ್ದವನು ಸುಮಾಳ ಕ್ಷಮೆ ಕೇಳಿ ಉದ್ದದ ಕಾಗದ ಬರೆದ. ಅದನ್ನು ನಾನು ಓದಿ ಹೇಳಲಿಲ್ಲ. ಆ ದಿನದಿಂದ ಸುಮಾ ತಾನೇ ನಿಘಂಟು ಇಟ್ಟುಕೊಂಡು ಓದುತ್ತಿದ್ದಳು. ಬೆಳಗಿನ ಬ್ಯಾಚಿನ ಹುಡುಗಿಯರ ನಡುವೆ ಕೂತು ಟೈಪಿಂಗ್ ಕಲಿತಳು. ನಾನು ಪಾಠ ಹೇಳುತ್ತಿದ್ದ ಬ್ಯಾಚೇ ಅದು. ಎಲ್ಲರಿಗೂ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಳು. ಬೇರೆಯಾಗಿ ಒಂದು ಮಾತೂ ಕೇಳಲಿಲ್ಲ. ಮನೆಯಲ್ಲಿ ಅಕ್ಕ ಎನ್ನುವುದನ್ನೂ ಬಿಡಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ, ಗಂಡನಿಗೂ.

ಚಳಿ ಶುರುವಾದಾಗ ಆವೃತ್ತಿ ಹೊರಬಿತ್ತು. ಮಾವ ಮತ್ತೆ ಕನ್ನಡಕ ಹಾಕಿಕೊಂಡು ಬಂದರು. ಲೆಕ್ಕದ ಚಿಪ್ಪಿನ ದೋಷ ಕಂಡುಹಿಡಿದವರು ಎಂದು ಬರೆದು, ಮುಂದೆ 'ಸುಮಾ ಮತ್ತು ಅವಳ ಸಿಸ್ಟರ್, ಹುಣಸೂರು, ಇಂಡಿಯಾ' ಎಂದಿತ್ತು. ಮಾವ ನನ್ನ ಕಡೆ ತಿರುಗಿ, "ನೀನೂ ಬಂದಿದ್ದೀಯಲ್ಲವ್ವ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟಾದ ಮೇಲೂ ಹೆಸರು ಅವಳಿಗೆ, ನನಗೆ ಬರಿಯ ಸಂಬಂಧ; ಅದೂ ತಪ್ಪು ಸಂಬಂಧ. ನಾವು ಅಕ್ಕತಂಗಿಯರು ಎಂದು ಹೆಲ್ಗಾ ತಾವೇ ಊಹಿಸಿಕೊಂಡು ಬರೆದಿದ್ದಾರೆ ಎಂದುಕೊಂಡೆ. ಮಾಡಿದ ಕೆಲಸಕ್ಕೆ ನಾಚಿಕೆ ಇತ್ತು. ಅದರ ಪಕ್ಕದಲ್ಲೇ ಹೊಟ್ಟೆಕಿಚ್ಚೂ ಇತ್ತು. ಒಂದು ಬಂದರೆ ಇನ್ನೊಂದು ಹೋಗುತ್ತದೆ ಎನ್ನುವುದು ಸುಳ್ಳು.

ಮೂರ್ನಾಲ್ಕು ವರ್ಷದ ನಂತರ ಆ ಗುಂಪು ಹಳೆಯ ಪ್ರೊಸೆಸರನ್ನು ಕೊನೆಗೂ ಕೈಬಿಟ್ಟಿತು. ಜನ ಸಾಲಲಿಲ್ಲ. ಹೆಲ್ಗಾರ ಕಾಗದ ಓದಿ ಸುಮಾ ಸಂಜೆಯವರೆಗೆ ಆರೂ ಮಷೀನುಗಳ ಧೂಳು ಒರೆಸುತ್ತ ಕೂತಳು. ನನಗೆ ಒಂದು ಗಳಿಗೆ ಹಗುರವಾಯಿತು. ಅದನ್ನೂ ಮುಚ್ಚಿಡುವುದಿಲ್ಲ. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ನಾವು ಕೆ.ಆರ್. ನಗರಕ್ಕೆ ಬಂದೆವು. ಮಹಡಿ ಸುಮಾಳ ಪಾಲಿಗೆ ಹೋಯಿತು. ಈಗ ಅಲ್ಲಿ ಅವಳು ಬೋರ್‌ವೆಲ್ ಸ್ಟಾರ್ಟರು, ಕಂಪ್ಯೂಟರು, ಮೊಬೈಲು, ಬಂದದ್ದನ್ನೆಲ್ಲ ರಿಪೇರಿ ಮಾಡುತ್ತಾಳೆ. ಎಚ್.ಡಿ. ಕೋಟೆಯಿಂದಲೂ ಜನ ಬರುತ್ತಾರಂತೆ.

ಕಳೆದ ತಿಂಗಳು ನಾನು ಹೋದದ್ದು ಹೊಲದ ಕಾಗದಕ್ಕೆ ಸಹಿ ಹಾಕಲು. ಕೆಲಸ ಮುಗಿದ ಮೇಲೆ ಸುಮಾ ಊಟ ಮಾಡಿಕೊಂಡು ಹೋಗಿ ಎಂದಳು. ಅಡುಗೆಮನೆಯಲ್ಲಿ ಇಬ್ಬರೂ ನೆಲದ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆವು. ಅವಳಿಗೂ ತಲೆಯಲ್ಲಿ ಬಿಳಿಕೂದಲು ಬಂದಿದೆ. ಯಾಕೆಂದು ತಿಳಿಯದು, ಆ ಮಾತು ನನ್ನ ಬಾಯಿಗೆ ಬಂದುಬಿಟ್ಟಿತು.

"ಸುಮಾ, ಅವತ್ತು ಏಳ್ನೇದು ನಾನು ಬೇಕಂತ್ಲೇ ಬಿಟ್ಟಿದ್ದು."

"ಗೊತ್ತು ಬುಡಿ ಅಕ್ಕ" ಎಂದಳು. ಕೈಯಲ್ಲಿದ್ದ ಕಾಯಿಯ ನಾರು ತೆಗೆದು ಮೊರಕ್ಕೆ ಹಾಕಿದಳು. ಇನ್ನೊಂದನ್ನು ಎತ್ತಿಕೊಂಡು, "ಅವತ್ತು ಕೆಫೆಲಿ ಎರಡು ಸಲ ತಿರುಗಿ ನೋಡ್ದೆ. ನೀವು ರೋಡ್ ಕಡೆ ಮುಖ ಮಾಡ್ಕಂಡು ನಿಂತಿದ್ರಿ" ಎಂದಳು.

"ಯಾಕೆ, ಏನಾದ್ರೂ ಕೇಳ್ಬೇಕಿತ್ತಾ?"

"ನಿಮ್ಮ ಹೆಸ್ರು ಆಕ್ಬೇಕು ಅಂತ ಬರೀತಿದ್ದೆ. ಯಂಗೇ ಬರುದ್ರೂ ಹೆಸ್ರಿನ ಸ್ಪೆಲಿಂಗ್ ಸರಿ ಅನ್ನುಸ್ಲಿಲ್ಲ. ನಿಮ್ಮೆಸ್ರು ತಪ್ಪಾಗ್ಬುಟ್ರೆ ನೀವು ಸುಮ್ನಿರ್ತೀರಾ? ಅದ್ಕೆ ವಾರಗಿತ್ತಿ ಅಂತನಾದ್ರೂ ಆಕನ ಅಂದ್ರೆ, ಅದ್ಕೆ ಇಂಗ್ಲಿಷಲ್ಲಿ ಏನಂತಾರೆ ಗೊತ್ತಿಲ್ಲ. ಕರ್ಯೋಕೆ ಮನ್ಸು ಬರ್ಲಿಲ್ಲ. ಸಿಸ್ಟರ್ ಅಂತ ಒಡ್ದು ಕಳ್ಸಿಬುಟ್ಟೆ."

ವಾರಗಿತ್ತಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಅವಳು ಕರೆದಿದ್ದರೆ, ಅವತ್ತಿನ ಮನಸ್ಸಿನಲ್ಲಿ, ಸಿಸ್ಟರ್ ಅಲ್ಲ ಎಂದು ಖಂಡಿತ ತಿದ್ದಿ ಹೇಳುತ್ತಿದ್ದೆ.